ಅಪ್ಪನ ಬಾಯಲ್ಲಿ ಬೆಳೆಯುವ ಮೀನು

ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಒಂದು ಅಕ್ವೇರಿಯಂ ಅಂಗಡಿಗೆ ಮುಲುಂದ್‌ನ ಗೆಳೆಯರ ಜೊತೆ ಹೋಗಿದ್ದೆ. ಗಾಜಿನ ತೊಟ್ಟಿಯಲ್ಲಿ ಬೆಳ್ಳಿ ಮೈ, ಕಪ್ಪು ಪಟ್ಟಿ, ಬಿಳಿ ಚುಕ್ಕಿಯ ಪುಟ್ಟ ಮೀನು. ಬಂಗ್ಗಾಯಿ ಕಾರ್ಡಿನಲ್. "ಇದು ಅಳಿವಿನಂಚಿನದ್ದಂತೆ, ಮತ್ತೆ ಇಲ್ಲಿ ಹೇಗೆ ಮಾರ್ತಾರೆ?" ಅಂದರು. ಕಥೆ ಸ್ವಲ್ಪ ಗೋಜಲು.

ಇದರ ಊರು ಇಂಡೋನೇಷ್ಯಾದ ಸುಲಾವೆಸಿ ಪಕ್ಕದ ಬಂಗ್ಗಾಯಿ ದ್ವೀಪಗಳು. 1920ರಲ್ಲಿ ಸಿಕ್ಕಿತು, 1933ರಲ್ಲಿ ಹೆಸರು ಬಂತು, ಆಮೇಲೆ ಅರವತ್ತು ವರ್ಷ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 1994ರಲ್ಲಿ ಮತ್ತೆ ಕಣ್ಣಿಗೆ ಬಿತ್ತು, ಫೋಟೋ ಹರಡಿತು. ಅಲ್ಲಿಂದ ಅಕ್ವೇರಿಯಂಗೆ ಹಿಡಿಯುವುದು ಶುರು. 2000ದ ಸುಮಾರಿಗೆ ವರ್ಷಕ್ಕೆ 6ರಿಂದ 7 ಲಕ್ಷ ಮೀನು ಹಿಡಿಯುತ್ತಿದ್ದರು ಅಂತ ಅಂದಾಜು.

ನಮ್ಮ ಬಂಗುಡೆ ಸಾವಿರಾರು ಮೊಟ್ಟೆ ನೀರಿಗೆ ಬಿಟ್ಟು ತನ್ನ ದಾರಿ ಹಿಡಿಯುತ್ತದೆ, ಮರಿಗಳು ಅಲೆಯ ಜೊತೆ ಎಲ್ಲೆಲ್ಲಿಗೋ ಹೋಗುತ್ತವೆ. ಇದು ಹಾಗಲ್ಲ. ಹೆಣ್ಣು ಇಟ್ಟ ಕೆಲವೇ ಡಜನ್ ಮೊಟ್ಟೆಗಳನ್ನು ಗಂಡು ಬಾಯಲ್ಲಿ ತುಂಬಿಕೊಳ್ಳುತ್ತದೆ. ಮರಿಯಾದ ಮೇಲೂ ಕೆಲವು ದಿನ ಅಲ್ಲೇ. ಅಷ್ಟೂ ದಿನ ಅಪ್ಪನಿಗೆ ಉಪವಾಸ! ಹೊರಗೆ ಬಂದ ಮರಿ ದೂರ ಹೋಗುವುದಿಲ್ಲ, ಪಕ್ಕದಲ್ಲೇ ಇರುವ ಸೀ ಅರ್ಚಿನ್ ಅನ್ನುವ, ಚೆಂಡಿನಂಥ ಕಡಲಜೀವಿಯ ಉದ್ದ ಮುಳ್ಳುಗಳ ಸಂದಿಯಲ್ಲಿ ಅಡಗಿಕೊಳ್ಳುತ್ತದೆ. ಅದರಿಂದಲೇ ಒಂದು ದಂಡೆ ಖಾಲಿ ಮಾಡಿದರೆ ಪಕ್ಕದ ದಂಡೆಯಿಂದ ತುಂಬಿಕೊಳ್ಳುವುದಿಲ್ಲ. ಅದೂ ಸಾಲದು ಅಂತ ಆ ಅರ್ಚಿನ್‌ಗಳನ್ನೂ ತಿನ್ನಲಿಕ್ಕೆ, ಸಾಕುಮೀನಿನ ಮೇವಿಗೆ ಕಿತ್ತರು. ಮನೆಯೇ ಇಲ್ಲದ ಮೇಲೆ ಮರಿ ಎಲ್ಲಿ ಅಡಗಬೇಕು, ಅಲ್ವಾ?

2007ರಲ್ಲಿ ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದಕ್ಕೆ ಇದನ್ನು ಸೇರಿಸುವ ಪ್ರಸ್ತಾವ ಬಂತು, ವಾಪಸ್ ಹೋಯಿತು. 2016ರಲ್ಲಿ ಮತ್ತೆ ಬಂತು, ಮತ್ತೆ ವಾಪಸ್. ಹಿಡಿಯುವವರಿಗೂ ಹೊಟ್ಟೆಪಾಡಿದೆ, ನಿಜ. ಆದರೆ ಪ್ರತಿ ಸಲ ಮಾತುಕತೆ ಮುಗಿಯುವ ಹೊತ್ತಿಗೆ ಒಂದಷ್ಟು ದಂಡೆ ಬರಿದಾಗಿರುತ್ತದೆ ಅನ್ನುವುದು ನನಗೆ ಸುಮ್ನೆ ಬಿಡುವ ವಿಷಯ ಅಲ್ಲ.

ಒಳ್ಳೆ ಸುದ್ದಿಯೂ ಇದೆ. ಬಾಯಲ್ಲೇ ಮರಿ ಮಾಡುವ ಮೀನಾದ್ದರಿಂದ ತೊಟ್ಟಿಯಲ್ಲಿ ಸಾಕುವುದು ಬೇರೆ ಕಡಲ ಮೀನುಗಳಿಗಿಂತ ಸುಲಭ. ಥಾಯ್ಲೆಂಡ್‌ನ ಫಾರ್ಮ್‌ಗಳಲ್ಲಿ ಜಾಸ್ತಿ ಸಂಖ್ಯೆಯಲ್ಲಿ ಬೆಳೆಸುತ್ತಾರೆ. ಆದರೆ ಫಾರ್ಮ್‌ನದು, ಕಡಲಿನದು ಪಕ್ಕಪಕ್ಕ ಇಟ್ಟರೆ ನಮ್ಮಂಥವರ ಕಣ್ಣಿಗೆ ಎರಡೂ ಒಂದೇ.

ಗೆಳೆಯರು ಅಂಗಡಿಯವನನ್ನೇ ಕೇಳಿದರು, ಫಾರ್ಮ್‌ನದಾ, ಸಮುದ್ರದ್ದಾ ಅಂತ. ಅವನು ಬಲೆ ಒರೆಸುತ್ತಾ, "ಇಂಪೋರ್ಟೆಡ್ ಹೈ ಸಾಬ್" ಅಂದ.