ಸೆಕ್ಷನ್ 81 ಮತ್ತು 84: ಕೆನಡಾದ ಮೂಲನಿವಾಸಿ ಹೆಂಗಸರಿಗೆ ಜೈಲಿನ ಬದಲು ಏನಿದೆ?

ಈ ಪಾಠದಲ್ಲಿ ನಾನು ಎಡವಿದ್ದು 'ಹೀಲಿಂಗ್ ಲಾಡ್ಜ್' ಅನ್ನೋ ಮಾತಿನಲ್ಲಿ, ಅಂದರೆ ಮೂಲನಿವಾಸಿಗಳ ರೀತಿಯಲ್ಲಿ ಶಿಕ್ಷೆ ಕಳೆಯುವ ಮನೆ. ಅದು ಕಂಡಲ್ಲೆಲ್ಲ 'ಜೈಲಿಗೆ ಬದಲಿ' ಅಂತ ಪಕ್ಕದಲ್ಲಿ ಬರೆದುಕೊಂಡಿದ್ದೆ. ಅರ್ಧ ಮಾತ್ರ ಸರಿ.

ಮೊದಲು ಹಿನ್ನೆಲೆ. ಕೆನಡಾದಲ್ಲಿ ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದರೆ ಫೆಡರಲ್ (ಕೇಂದ್ರ ಸರ್ಕಾರದ) ಜೈಲು. ಹೆಂಗಸರಿಗೆ ಬಹುಕಾಲ ಇದ್ದದ್ದು ಒಂದೇ: 1934ರಲ್ಲಿ ಶುರುವಾದ ಕಿಂಗ್‌ಸ್ಟನ್ ಜೈಲು. ಸಸ್ಕಾಚೆವಾನ್‌ನ ತಾಯಿ ಅಲ್ಲಿಗೆ ಹೋದರೆ, ಮಕ್ಕಳು ಎರಡು ಸಾವಿರ ಕಿಲೋಮೀಟರಿಗೂ ದೂರ. 1990ರಲ್ಲಿ ಒಂದು ಕಾರ್ಯಪಡೆ ಇದನ್ನು ಮುಚ್ಚಿ ಅಂದಿತು. ಮುಚ್ಚಿದ್ದು 2000ದಲ್ಲಿ!

ಅದೇ ಕಾರ್ಯಪಡೆಯ ಸಲಹೆಯಿಂದ ಹುಟ್ಟಿದ್ದು ಒಕಿಮಾ ಒಹ್ಚಿ ಹೀಲಿಂಗ್ ಲಾಡ್ಜ್. 1995ರಲ್ಲಿ, ಸಸ್ಕಾಚೆವಾನ್‌ನ ಮೇಪಲ್ ಕ್ರೀಕ್ ಹತ್ತಿರ, ನೆಕಾನೀಟ್ ಎಂಬ ಮೂಲನಿವಾಸಿ ಜನರ ನೆಲದಲ್ಲಿ. ಸಾಲು ಸೆಲ್‌ಗಳ ಬದಲು ಚಿಕ್ಕ ಚಿಕ್ಕ ಮನೆಗಳು. ಬುದ್ಧಿ ಹೇಳೋಕೆ ಸಮುದಾಯದ ಹಿರಿಯರು. ಮುಖ್ಯಸ್ಥೆಯನ್ನು ವಾರ್ಡನ್ ಅನ್ನಲ್ಲ, ಕ್ರೀ ಭಾಷೆಯಲ್ಲಿ 'ಕಿಕಾವಿನಾ' ಅಂತಾರೆ, ಅಂದರೆ 'ನಮ್ಮ ತಾಯಿ'. ಈ 'ನಮ್ಮ'ದಲ್ಲಿ ಕೇಳಿಸಿಕೊಳ್ಳುವವರೂ ಸೇರಿದ್ದಾರೆ. ತೆಲುಗು ಬಲ್ಲವರಿಗೆ ಸಲೀಸು: 'ಮಾ ಅಮ್ಮ' ಅಲ್ಲ, 'ಮನ ಅಮ್ಮ'.

ಆದರೆ ನಡೆಸೋದು ಯಾರು? ಫೆಡರಲ್ ಜೈಲು ಇಲಾಖೆಯೇ. ಕಾಗದದ ಮೇಲೆ ಅದೂ ಜೈಲೇ.

ಸಮುದಾಯದ ಕೈಗೇ ಹೊಣೆ ಕೊಡುವುದು ಜೈಲು ಮತ್ತು ಷರತ್ತಿನ ಬಿಡುಗಡೆ ಕುರಿತ 1992ರ ಫೆಡರಲ್ ಕಾಯ್ದೆಯ ಸೆಕ್ಷನ್ 81. ಎಡ್ಮಂಟನ್‌ನ ಬಫಲೋ ಸೇಜ್ ಲಾಡ್ಜ್ (2011) ಈ ಬಗೆಯದು. 84 ಬೇರೆ: ಬಿಡುಗಡೆಯಾಗಿ ಬರುವವರಿಗೆ ಸಮುದಾಯವೇ ಯೋಜನೆ ಹಾಕಿಕೊಡುತ್ತದೆ. ನಾನು ನೆನಪಿಟ್ಟುಕೊಂಡಿದ್ದು ಹೀಗೆ: 81 ಶಿಕ್ಷೆ ಕಳೆಯುವಾಗ, 84 ಹೊರಗೆ ಬರುವಾಗ.

ಇಷ್ಟಿದ್ದರೂ 2022ರ ಹೊತ್ತಿಗೆ ಫೆಡರಲ್ ಜೈಲುಗಳಲ್ಲಿದ್ದ ಹೆಂಗಸರಲ್ಲಿ ಸುಮಾರು ಅರ್ಧ ಮೂಲನಿವಾಸಿಗಳು. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ನೂರಕ್ಕೆ 5ರ ಆಸುಪಾಸು. ಯಾಕೆ ಹೀಗೆ?

ನನಗೆ ಕಂಡ ಗಂಟು ಇಲ್ಲಿದೆ. ಗ್ಲಾಡ್ಯೂ ಎಂಬ ಮೂಲನಿವಾಸಿ ಹೆಂಗಸಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1999ರ ತೀರ್ಪು ನ್ಯಾಯಾಧೀಶರಿಗೆ ಹೇಳಿದ್ದು: ಮೂಲನಿವಾಸಿಗಳು ಪಟ್ಟ ಪಾಡನ್ನು ಗಮನಿಸಿ, ಜೈಲಲ್ಲದ ದಾರಿ ನೋಡಿ. (ಗ್ಲಾಡ್ಯೂ ಅವರ ಮೇಲ್ಮನವಿ ಮಾತ್ರ ವಜಾ ಆಯಿತು. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆಯಬೇಡಿ.) ಜೈಲಿನ ಬಾಗಿಲಲ್ಲಿ ಅದೇ ಪಾಡು ಉಲ್ಟಾ ಹೊಡೆಯುತ್ತದೆ. ಭದ್ರತಾ ದರ್ಜೆ ಹಾಕುವ ಪಟ್ಟಿಯಲ್ಲಿ ಕುಡಿತ, ನೆಲೆಯಿಲ್ಲದ ಬದುಕು ಎಲ್ಲಕ್ಕೂ ಅಂಕ. ಅಂಕ ಏರಿದರೆ ದರ್ಜೆ 'ಗರಿಷ್ಠ'. ಗರಿಷ್ಠ ದರ್ಜೆಯವರಿಗೆ ಲಾಡ್ಜ್ ಬಾಗಿಲು ತೆರೆಯಲ್ಲ. ಕೋರ್ಟಲ್ಲಿ ಕನಿಕರಕ್ಕೆ ಕಾರಣವಾದದ್ದೇ ಇಲ್ಲಿ ಅಪಾಯದ ಲೆಕ್ಕ ಆಯ್ತಲ್ವಾ?

ಇದರ ಜೊತೆಗೆ ಯೂವರ್ಟ್ ಎಂಬ ಮೂಲನಿವಾಸಿ ಕೈದಿಯ ಪ್ರಕರಣದ 2018ರ ತೀರ್ಪನ್ನೂ ಓದಿ. ಅಪಾಯ ಅಳೆಯುವ ಪರೀಕ್ಷೆಗಳು ಮೂಲನಿವಾಸಿಗಳ ವಿಷಯದಲ್ಲಿ ಸರಿಯಾಗಿ ಅಳೆಯುತ್ತವಾ ಅಂತ ಇಲಾಖೆ ಖಚಿತ ಮಾಡಿಕೊಂಡೇ ಇರಲಿಲ್ಲ ಎಂದಿತು ಸುಪ್ರೀಂ ಕೋರ್ಟ್. ಯೂವರ್ಟ್ ಗಂಡಸು, ನಿಜ. ಆದರೂ ಈ ಮಾತು ಹೆಂಗಸರ ಪ್ರಕರಣಕ್ಕೂ ಬೇಕಾಗುತ್ತದೆ.