ಪದ ಪರಿಚಯ: ಫ್ರೋಜನ್ ಆ್ಯಕ್ಸಿಡೆಂಟ್

1980ರ ಅಕ್ಟೋಬರ್ 14ರಂದು ಅಮೆರಿಕದಲ್ಲಿ ಜೆನೆಂಟೆಕ್ ಕಂಪನಿಯ ಷೇರು ಮಾರುಕಟ್ಟೆಗೆ ಬಂತು. 35 ಡಾಲರಿಗೆ ಬಿಟ್ಟ ಷೇರು ಗಂಟೆಯೊಳಗೆ 88 ಮುಟ್ಟಿ, ದಿನದ ಕೊನೆಗೆ 71ರ ಆಸುಪಾಸಿಗೆ ಇಳಿಯಿತು. ಆಗಿನ್ನೂ ಕಂಪನಿಯ ಒಂದೇ ಒಂದು ಔಷಧಿಯೂ ಮಾರಾಟಕ್ಕೆ ಬಂದಿರಲಿಲ್ಲ. ಅದರ ದೊಡ್ಡ ಬಂಡವಾಳವೆಂದರೆ ಬ್ಯಾಕ್ಟೀರಿಯಾದ ಕೈಲಿ ಮನುಷ್ಯರ ಇನ್ಸುಲಿನ್ ಮಾಡಿಸಿದ್ದ ಪ್ರಯೋಗ. ಅದು ಫಲಿಸಿದ್ದರ ಹಿಂದೆ ಜೀವವಿಜ್ಞಾನಿಗಳು 'ಫ್ರೋಜನ್ ಆ್ಯಕ್ಸಿಡೆಂಟ್', ಅಂದರೆ ಹೆಪ್ಪುಗಟ್ಟಿದ ಆಕಸ್ಮಿಕ, ಎನ್ನುವ ಸಂಗತಿಯಿದೆ.

ಪ್ರೋಟೀನ್ ಕಟ್ಟಲು ಜೀವಕೋಶ, ಜೀನಿನ ನಕಲಾದ ಆರ್‌ಎನ್‌ಎಯ ಅಕ್ಷರಗಳನ್ನು (ಎ, ಯು, ಜಿ, ಸಿ) ಮೂರು ಮೂರಾಗಿ ಓದುತ್ತದೆ. ಇಂಥ ಒಂದು ತ್ರಿವಳಿಯೇ ಕೋಡಾನ್. ಒಟ್ಟು 64 ಇವೆ. 61 ಕೋಡಾನ್‌ಗಳು ಪ್ರೋಟೀನಿನ ಬಿಡಿಭಾಗಗಳಾದ 20 ಅಮೈನೋ ಆಮ್ಲಗಳನ್ನು ಸೂಚಿಸಿದರೆ, ಉಳಿದ ಮೂರು 'ಇಲ್ಲಿಗೆ ನಿಲ್ಲಿಸು' ಎನ್ನುತ್ತವೆ. ಯಾವುದಕ್ಕೆ ಯಾವುದು ಎಂಬ ಈ ಕೋಷ್ಟಕವೇ ಜೆನೆಟಿಕ್ ಕೋಡ್. ಕೋಷ್ಟಕ ಹೀಗೇ ಇರಬೇಕೆಂದೇನಿಲ್ಲ, ಹೇಗೋ ಬಂದದ್ದು ಆಮೇಲೆ ಬದಲಾಗಲಾಗದೆ ಉಳಿಯಿತು ಎಂಬ ವಾದವನ್ನು 1968ರಲ್ಲಿ, ಡಿಎನ್‌ಎ ರಚನೆ ಕಂಡುಹಿಡಿದವರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ ಮುಂದಿಟ್ಟರು. ಒಂದು ಕೋಡಾನಿನ ಅರ್ಥ ಬದಲಾದರೂ ಸಾವಿರಾರು ಪ್ರೋಟೀನ್‌ಗಳು ಒಟ್ಟಿಗೆ ಕೆಡುತ್ತವೆ, ಜೀವಿ ಬದುಕುವುದಿಲ್ಲ. ಹಾಗಾಗಿ ಕರುಳಿನ ಬ್ಯಾಕ್ಟೀರಿಯಾಕ್ಕೂ ನಮಗೂ ಇವತ್ತಿಗೂ ಒಂದೇ ಕೋಷ್ಟಕ. ಇನ್ಸುಲಿನ್ನೂ ಒಂದು ಪ್ರೋಟೀನ್, ಅದರ ಸಂದೇಶವನ್ನು ಬ್ಯಾಕ್ಟೀರಿಯಾ ನಮ್ಮ ಕೋಶದಂತೆಯೇ ಓದಿತು. ಬಯೋಟೆಕ್ ಷೇರುಗಳ ಮೇಲೆ ಸುಮ್ಮನೆ ಬಾಜಿ ಕಟ್ಟುವವರೂ ತಿಳಿಯದೇ ನೆಚ್ಚಿಕೊಂಡಿರುವುದು ಇದನ್ನೇ. ಅವರ ದುಡ್ಡು ಮುಳುಗುವುದು ಬೇರೆ ಕಡೆ, ಹೆಚ್ಚಾಗಿ ಕ್ಲಿನಿಕಲ್ ಟ್ರಯಲ್‌ನಲ್ಲಿ.

ಹೆಪ್ಪುಗಟ್ಟಿದ್ದು ನಿಜ, ಆದರೆ ಬರೀ ಆಕಸ್ಮಿಕವೇ? ನನಗಂತೂ ಒಪ್ಪಿಗೆಯಿಲ್ಲ. ಜಿಎಎ, ಜಿಎಜಿ ಎರಡೂ ಕೋಡಾನ್‌ಗಳು ಗ್ಲುಟಾಮಿಕ್ ಆಮ್ಲವೆಂಬ ಒಂದೇ ಅಮೈನೋ ಆಮ್ಲವನ್ನು ಸೂಚಿಸುತ್ತವೆ, ಕೊನೆಯ ಅಕ್ಷರ ತಪ್ಪಿದರೂ ನಷ್ಟವಿಲ್ಲ. ನಡುವಿನ ಅಕ್ಷರ ತಪ್ಪಿ ಜಿಎಜಿ ಹೋಗಿ ಜಿಯುಜಿ ಆದರೆ ವ್ಯಾಲೀನ್ ಎಂಬ ಬೇರೆ ಅಮೈನೋ ಆಮ್ಲ ಬಂದು ಕೂರುತ್ತದೆ. ಹಿಮೋಗ್ಲೋಬಿನ್ನಿನ ಒಂದು ಜಾಗದಲ್ಲಿ ಇಷ್ಟೇ ಆದರೂ ಸಾಕು, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ದಾರಿಯಾಗುತ್ತದೆ. ತಪ್ಪಿನ ಪೆಟ್ಟು ಆದಷ್ಟು ಕಡಿಮೆಯಾಗುವಂತೆ ಕೋಷ್ಟಕ ಜೋಡಣೆಯಾಗಿದೆ. 1998ರಲ್ಲಿ ಫ್ರೀಲ್ಯಾಂಡ್ ಮತ್ತು ಹರ್ಸ್ಟ್ ಎಂಬ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಹತ್ತು ಲಕ್ಷ ಯಾದೃಚ್ಛಿಕ ಕೋಷ್ಟಕ ಹುಟ್ಟಿಸಿ ಹೋಲಿಸಿದಾಗ, ಈ ಲೆಕ್ಕದಲ್ಲಿ ನಮ್ಮದನ್ನು ಮೀರಿಸಿದ್ದು ಒಂದೇ ಒಂದು. ಹೆಪ್ಪುಗಟ್ಟುವ ಮೊದಲು ನಿಸರ್ಗದ ಆಯ್ಕೆ ಸಾಕಷ್ಟು ತಿದ್ದಿರಬೇಕು. ಅಮೈನೋ ಆಮ್ಲಗಳು ಕೋಷ್ಟಕಕ್ಕೆ ಒಂದೊಂದಾಗಿ ಸೇರಿಕೊಂಡವು ಎಂಬ ವಾದವೂ, ಕೆಲವಕ್ಕೆ ತಮ್ಮ ಕೋಡಾನ್‌ಗಳ ಜೊತೆ ರಾಸಾಯನಿಕ ಸೆಳೆತವಿತ್ತು ಎಂಬ ವಾದವೂ ಇವೆ.

ಹೆಪ್ಪು ಅಲ್ಲಲ್ಲಿ ಕರಗಿದ್ದೂ ಉಂಟು. ಕೋಶಕ್ಕೆ ಶಕ್ತಿ ಒದಗಿಸುವ ನಮ್ಮದೇ ಮೈಟೋಕಾಂಡ್ರಿಯಾದಲ್ಲಿ ಯುಜಿಎ ಎಂದರೆ 'ನಿಲ್ಲಿಸು' ಅಲ್ಲ, ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ. ಇದು ಗೊತ್ತಾದದ್ದು 1979ರಲ್ಲಿ. ಮೈಟೋಕಾಂಡ್ರಿಯಾದ ಸ್ವಂತ ಡಿಎನ್‌ಎಯಲ್ಲಿ ಬರೆದಿರುವ ಪ್ರೋಟೀನ್‌ಗಳು ಕೇವಲ 13, ಅರ್ಥ ಬದಲಾದರೂ ಕೆಡುವುದು ಕಡಿಮೆ.