ಏಳನೇ ಮ್ಯಾಪಿನ ಸೇತುವೆ

ನನ್ನ ಅಕ್ಕನ ಮಗ ಎರಡನೇ ಪಿಯುಸಿ. ಹಾಸನದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ದೀಪಾವಳಿಗೆ ಅಜ್ಜಿ, ಮಾವಂದಿರು ಕೊಟ್ಟ ದುಡ್ಡು ಕೂಡಿಟ್ಟು, ಅವನಿಗೆ ಪ್ರಾಣವಾದ ಒಂದು ಅನಿಮೆಯ (ಜಪಾನಿನ ಕಾರ್ಟೂನ್ ಸರಣಿಯ) ಗೇಮ್ ಕೊಂಡಿದ್ದ. ಸ್ಟ್ರಾಟಜಿ ರೋಲ್ ಪ್ಲೇಯಿಂಗ್ ಗೇಮ್. ಅಂದರೆ ಚದುರಂಗದ ಹಾಗೆ ಮನೆ ಹಾಕಿದ ಹಾಸು, ಸರದಿ ಮೇಲೆ ನಡೆ, ಜೊತೆಗೆ ಗೆದ್ದಂತೆಲ್ಲ ಬಲಿಯುವ ಪಾತ್ರಗಳು. ನಾಲ್ಕೇ ದಿನಕ್ಕೆ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬಂದ. "ಚಿಕ್ಕಮ್ಮ, ನಾನು ಆಡ್ತಿರೋದೇ ತಪ್ಪಾ, ಇಲ್ಲಾ ಗೇಮೇ ಹಿಂಗಾ?" ಅಂತ ಕೇಳಿದ.

ಇಂಥ ಗೇಮುಗಳಿಗೆ ಮ್ಯಾಪ್, ಅಂದರೆ ಒಂದೊಂದು ಕಾಳಗ ನಡೆಯುವ ಹಾಸು, ಮಾಡುವುದೇ ನನ್ನ ಕೆಲಸ. ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದೆ. ಈಗ ಊರಿನಿಂದಲೇ ಲೆವೆಲ್ ಡಿಸೈನ್ ಮಾಡುತ್ತೇನೆ. ಅವನ ಪಕ್ಕ ಕೂತೆ. ಗೇಮಿನ ಹೆಸರು ಇಲ್ಲಿ ಬೇಡ. ಈ ಕಾಯಿಲೆ ಅದೊಂದಕ್ಕೇ ಬಂದಿದ್ದಲ್ಲ.

ಏಳನೇ ಮ್ಯಾಪ್ ಒಂದು ಸೇತುವೆ. ಈಚೆ ನಮ್ಮವರು ಆರು ಜನ, ಆಚೆ ಹದಿನಾಲ್ಕು ಶತ್ರುಗಳು. ಸೇತುವೆ ಅಂದರೆ ನನ್ನಂಥವರಿಗೆ ಹಬ್ಬ. ಎರಡೇ ಮನೆ ಅಗಲದ ದಾರಿ. ಬಾಯಿಗೆ ಯಾರನ್ನು ನಿಲ್ಲಿಸೋದು? ಬಿಲ್ಲುಗಾರ ಎಷ್ಟು ಹಿಂದಿರಬೇಕು? ಈಚೆ ದಡಕ್ಕೇ ಯಾರಾದರೂ ನುಗ್ಗಿದರೆ? ತಲೆ ತುಂಬ ಪ್ರಶ್ನೆ ಏಳಬೇಕು. ಅವನು ಹೀರೋನನ್ನು ಸೇತುವೆಯ ನಡುವೆ ನಿಲ್ಲಿಸಿದ. ಗೇಮ್ ತಾನೇ ಆಡಿಕೊಳ್ಳುವ ಆಟೋ ಬಟನ್ ಒತ್ತಿದ. ಅಡುಗೆಮನೆಗೆ ಹೋಗಿ ಅಕ್ಕಿ ರೊಟ್ಟಿ ಹಾಕಿಸಿಕೊಂಡು ಬಂದ. ಎರಡನೇ ರೊಟ್ಟಿ ಮುಗಿಯುವಷ್ಟರಲ್ಲಿ ಪರದೆ ಮೇಲೆ ಗೆಲುವಿನ ಬಾವುಟ ಹಾರಾಡುತ್ತಿತ್ತು.

ಅದೇ ಮ್ಯಾಪನ್ನು ನಾನು ಮತ್ತೆ ಆಡಿದೆ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು. ಒಬ್ಬೊಬ್ಬ ಶತ್ರು ಹೊಡೆಯುವ ದೃಶ್ಯಕ್ಕೂ ಹತ್ತಿರ ಹತ್ತಿರ 9 ಸೆಕೆಂಡ್. ಹದಿನಾಲ್ಕು ಜನರದ್ದು ಮುಗಿಯೋಕೆ ಎರಡು ನಿಮಿಷದ ಮೇಲೆ. ಅಷ್ಟು ಹೊತ್ತು ಸುಮ್ನೆ ನೋಡುತ್ತಾ ಕೂರಬೇಕು. ನನ್ನ ಸರದಿ ಬಂದಾಗ ಯೋಚಿಸಲು ಹತ್ತು ಸೆಕೆಂಡೂ ಬೇಕಾಗಲಿಲ್ಲ. ಚಿತ್ರ ಚೆನ್ನಾಗಿದೆ, ಧ್ವನಿಯೂ ಅನಿಮೆಯದ್ದೇ. ಅದರಲ್ಲಿ ತಕರಾರಿಲ್ಲ. ಆದರೆ ಹಾಸು ಆಡುವವನನ್ನು ಏನನ್ನೂ ಕೇಳುತ್ತಿಲ್ಲ. ಶತ್ರುಗಳೆಲ್ಲ ಹತ್ತಿರ ಇರುವವನ ಮೇಲೆ ನೇರವಾಗಿ ಬಂದು ಬೀಳುತ್ತಾರೆ, ಅಷ್ಟೇ.

ಅವನಿಗೆ ಇದು ಬಾಯಿಮಾತಲ್ಲಿ ಅರ್ಥ ಆಗಲಿಲ್ಲ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಹುಲಿ-ಕುರಿ ಆಟದ ಗೆರೆ ಎಳೆದೆ. 3 ಹುಲಿ, 15 ಕುರಿ. ಹುಲಿಗೆ ಕಲ್ಲು, ಕುರಿಗೆ ಹುಣಸೆ ಬೀಜ. ಕುರಿಯ ಆಚೆ ಮನೆ ಖಾಲಿ ಇದ್ದರೆ ಹುಲಿ ಹಾರಿ ತಿನ್ನುತ್ತದೆ. ಕುರಿಗೆ ಹೊಡೆಯುವ ಶಕ್ತಿಯೇ ಇಲ್ಲ, ಸುತ್ತುಗಟ್ಟಿ ಹುಲಿಯನ್ನು ಅಲುಗಾಡದ ಹಾಗೆ ಮಾಡಬೇಕು. ಅವನು ಹುಲಿ ತಗೊಂಡ. ಬೇಗ ಬೇಗ ನಾಲ್ಕು ಬೀಜ ತಿಂದ. ಆಮೇಲೆ ಅವನ ಒಂದು ಹುಲಿ ಮೂಲೆಗೆ ಸಿಕ್ಕಿಬಿತ್ತು. ಕೈ ಕಲ್ಲಿನ ಮೇಲೆಯೇ ನಿಂತುಬಿಟ್ಟಿತು. ಒಂದು ನಿಮಿಷ, ಎರಡು ನಿಮಿಷ. ಲ್ಯಾಪ್‌ಟಾಪ್ ಮುಂದೆ ನಾಲ್ಕು ದಿನದಲ್ಲಿ ಒಂದು ಸಲವೂ ಆ ಕೈ ಹಾಗೆ ನಿಂತಿರಲಿಲ್ಲ. ಆಟ ಅಂದರೆ ಕೈ ನಿಲ್ಲುವ ಆ ಹೊತ್ತು. ನಾವು ಮ್ಯಾಪ್ ಮಾಡುವವರು ದುಡಿಯುವುದು ಅದಕ್ಕೇ.

ಇನ್ನೊಂದು ತೊಂದರೆ ಅಂಕಿಗಳದ್ದು. ಆ ಗೇಮಿನಲ್ಲಿ ಒಂದು ಏಟಿಗೆ 4,820, ಶತ್ರುವಿನ ಜೀವ 61,300. ಇಂಥ ಲೆಕ್ಕ ಮನಸ್ಸಲ್ಲಿ ಯಾರು ಮಾಡುತ್ತಾರೆ? ಇದೇ ಜಾತಿಯ ಗೇಮ್, ನಿಂಟೆಂಡೊದ ಫೈರ್ ಎಂಬ್ಲಮ್, 1990ರಲ್ಲಿ ಅವರದೇ ಫ್ಯಾಮಿಕಾಮ್ ಅನ್ನುವ ಗೇಮ್ ಯಂತ್ರಕ್ಕೆ ಬಂತು. ಆ ಸರಣಿಯ ಲೆಕ್ಕ ಬೆರಳಲ್ಲಿ ಎಣಿಸುವಷ್ಟು ಸುಲಭ. ನಮ್ಮವನ ಬಲಕ್ಕೆ ಆಯುಧದ ಬಲ ಕೂಡಿಸಿ, ಎದುರಿನವನ ರಕ್ಷಣೆ ಕಳೆದರೆ ಏಟು ಎಷ್ಟು ಅಂತ ಗೊತ್ತಾಗುತ್ತದೆ. 'ಇನ್ನು ಎರಡು ಜಾಸ್ತಿ ಇದ್ದಿದ್ದರೆ ಸಾಯ್ತಿದ್ದ' ಅನ್ನುವ ಸಂಕಟ ಹುಟ್ಟುವುದು ಅಂಕಿ ಚಿಕ್ಕದಿದ್ದಾಗ ಮಾತ್ರ.

ಅವನ ಒಂದು ದೂರು ಮಾತ್ರ ನಾನು ಒಪ್ಪಲಿಲ್ಲ. ಏಟು ತಗುಲುವ ಸಾಧ್ಯತೆ 90 ಪರ್ಸೆಂಟ್ ಅಂತ ತೋರಿಸಿಯೂ ಏಟು ತಪ್ಪಿತು, ಇದು ಮೋಸ ಅಂದ. ಮೋಸ ಅಲ್ಲ, ಸರಾಸರಿ ಹತ್ತರಲ್ಲಿ ಒಂದು ತಪ್ಪುತ್ತದೆ. ಆದರೆ ಮನುಷ್ಯನ ಮನಸ್ಸು ಅದನ್ನು ನಂಬುವುದಿಲ್ಲ ಅಂತ ಫೈರ್ ಎಂಬ್ಲಮ್ ಮಾಡುವವರಿಗೂ ಗೊತ್ತಿತ್ತು. ಏಟು ತಗುಲಿತಾ ಅಂತ ತೀರ್ಮಾನಿಸೋಕೆ ಗೇಮ್ ಲಾಟರಿ ಹಾಗೆ ಒಂದು ಸಂಖ್ಯೆ ಎತ್ತುತ್ತದೆ, ಅದು ಪರದೆಯ ಅಂಕಿಗಿಂತ ಕಮ್ಮಿ ಇದ್ದರೆ ತಗುಲಿದ ಹಾಗೆ. 2002ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್ ಅನ್ನುವ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಬಂದ ಆವೃತ್ತಿಯಿಂದ ಅವರು ಒಂದರ ಬದಲು ಎರಡು ಸಂಖ್ಯೆ ಎತ್ತಿ ಸರಾಸರಿ ತೆಗೆದರು. ಅಲ್ಲಿ ಪರದೆ ಮೇಲೆ 90 ಅಂತ ಇದ್ದರೆ ನಿಜವಾಗಿ ತಗುಲುವುದು ನೂರಕ್ಕೆ ಸುಮಾರು 98 ಸಲ. ನಾನು ಮಾಡುವ ಗೇಮುಗಳಲ್ಲೂ ಇಂಥ ಒತ್ತಾಸೆ ಕೊಡುತ್ತೇನೆ.

ಅನಿಮೆ ಗೇಮುಗಳೇ ಯಾಕೆ ಜಾಸ್ತಿ ಹೀಗಾಗುತ್ತವೆ? ಒಳಗಿಂದ ನೋಡಿದ್ದನ್ನು ಹೇಳುತ್ತೇನೆ. ನಾನೊಮ್ಮೆ ಒಂದು ಕಾಮಿಕ್ಸ್ ಆಧರಿಸಿದ ಮೊಬೈಲ್ ಗೇಮಿಗೆ ಮ್ಯಾಪ್ ಮಾಡಿದ್ದೆ. ಹೀರೋ ಮೊದಲ ಮೂರು ಮ್ಯಾಪಿನಲ್ಲಿ ಹಿಂದೆ ಉಳಿಯಬೇಕು, ಗೆಳೆಯರು ಅವನನ್ನು ಕಾಯಬೇಕು ಅಂತ ಯೋಚಿಸಿದ್ದೆ. ಕತೆಯೂ ಹಾಗೇ ಇತ್ತು. ಹಕ್ಕು ಇದ್ದವರಿಂದ ಒಂದು ಸಾಲಿನ ಮೇಲ್ ಬಂತು: ನಮ್ಮ ಹೀರೋ ಯಾರಿಗಿಂತಲೂ ಕಮ್ಮಿ ಕಾಣಬಾರದು. ಅಲ್ಲಿಗೆ ಮೂರು ಮ್ಯಾಪೂ ಹೋಯಿತು. ಪೋಸ್ಟರಿನಲ್ಲಿರುವ ಯಾರೂ ಸಾಯುವಂತಿಲ್ಲ, ಯಾರೂ ದುರ್ಬಲರಲ್ಲ ಅಂದಮೇಲೆ ಯಾರನ್ನು ಎಲ್ಲಿ ಇಟ್ಟರೇನು? ದುಡ್ಡೂ ಮೊದಲು ಧ್ವನಿಗೆ, ದೃಶ್ಯಕ್ಕೆ ಹೋಗುತ್ತದೆ. ಜಾಹೀರಾತಿನಲ್ಲಿ ಕಾಣುವುದು ಅದೇ ಅಲ್ವಾ? ಅನಿಮೆ ಟಿವಿಯಲ್ಲಿ ಓಡುತ್ತಿರುವಾಗಲೇ ಗೇಮ್ ಹೊರಬರಬೇಕು ಅನ್ನುವ ಅವಸರ ಬೇರೆ. ಮ್ಯಾಪಿಗೆ ಉಳಿಯುವುದು ಕೊನೆಯ ಕೆಲವು ವಾರ.

ಇದು ಆಗದ ಕೆಲಸವೇನೂ ಅಲ್ಲ. ಸೂಪರ್ ರೋಬೋ ವಾರ್ಸ್ ಅಂತ ಒಂದು ಸರಣಿ ಇದೆ. 1991ರಲ್ಲಿ ಗೇಮ್‌ಬಾಯ್‌ನಲ್ಲಿ ಶುರುವಾಯಿತು, ಶುರು ಮಾಡಿದ್ದು ಬನ್‌ಪ್ರೆಸ್ಟೋ ಕಂಪನಿ. ಬೇರೆ ಬೇರೆ ರೋಬೋ ಅನಿಮೆಗಳ ಪಾತ್ರಗಳು ಒಂದೇ ಹಾಸಿನ ಮೇಲೆ ಸೇರುತ್ತವೆ. ಅದರಲ್ಲಿ ನನಗೆ ತುಂಬ ಇಷ್ಟವಾದ ನಿಯಮ ಹುಮ್ಮಸ್ಸಿನದು. ಪ್ರತಿ ಪೈಲಟ್ ಸಾಮಾನ್ಯವಾಗಿ 100 ಹುಮ್ಮಸ್ಸಿನಿಂದ ಕಾಳಗ ಶುರು ಮಾಡುತ್ತಾನೆ. ಶತ್ರು ಬಿದ್ದಂತೆಲ್ಲ ಅದು ಏರುತ್ತದೆ, 150ರವರೆಗೂ ಹೋಗುತ್ತದೆ. ದೊಡ್ಡ ಏಟು ಹೊಡೆಯಲು ಹುಮ್ಮಸ್ಸು ಇಂತಿಷ್ಟು ಮುಟ್ಟಿರಬೇಕು. ಅನಿಮೆಯ ಎಪಿಸೋಡೂ ಹೀಗೇ ಅಲ್ವಾ? ಹೀರೋ ಮೊದಲೇ ಕೊನೆಯ ಏಟು ಹೊಡೆಯುವುದಿಲ್ಲ. ಒದೆ ತಿಂದು, ಗೆಳೆಯರು ಕೂಗಿ, ರಕ್ತ ಕುದಿದ ಮೇಲೆ ಹೊಡೆಯುತ್ತಾನೆ. ಆ ಗುಣವನ್ನು ಒಂದೇ ಅಂಕಿಯೊಳಗೆ ಇಳಿಸಿದ್ದಾರೆ. ಅಲ್ಲಿವರೆಗೂ ಅವನನ್ನು ಯಾರು ಕಾಯಬೇಕು ಅನ್ನುವ ಯೋಚನೆ ಆಡುವವನ ತಲೆಗೆ ಬಂತು. ಹುಡುಗನ ಗೇಮಿನಲ್ಲಿ ಹೀರೋ ಮೊದಲ ಸರದಿಯಲ್ಲೇ ಕೊನೆಯ ಏಟು ಹೊಡೆಯಬಹುದು. ಅನಿಮೆಯಲ್ಲಿ ಅವನು ಅಂಜುಬುರುಕ. ಖಡ್ಗ ಹಿಡಿದಾಗ ಕೈ ನಡುಗುತ್ತದೆ. ಆ ನಡುಕ ಗೇಮಿನಲ್ಲಿ ಬರೀ ಮಾತಿನಲ್ಲಿದೆ, ಹಾಸಿನ ಮೇಲೆ ಇಲ್ಲ. ನನಗೆ ಎಲ್ಲಕ್ಕಿಂತ ಬೇಜಾರಾಗಿದ್ದು ಇದಕ್ಕೆ.

ದುಡ್ಡು ವಾಪಸ್ ಬರಲ್ವಾ ಅಂತ ಅಕ್ಕ ಕೇಳಿದಳು. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆ ದಾಟದಿದ್ದರೆ ವಾಪಸ್ ಕೇಳಬಹುದು. ಅವನು ಹದಿನೇಳು ಗಂಟೆ ಆಡಿದ್ದ. ಈ ಜಾತಿಯ ಗೇಮುಗಳಲ್ಲಿ ಎಷ್ಟೋ ಸಲ ಮೊದಲ ಎರಡು ಗಂಟೆ ಕತೆ, ಕಲಿಕೆಯಲ್ಲೇ ಹೋಗಿಬಿಡುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಯಾರಾದರೂ ಆಡಿದ ವೀಡಿಯೋ ಹಾಕಿಕೊಳ್ಳಿ. ಹತ್ತನೇ ಮ್ಯಾಪಿನ ಹತ್ತಿರಕ್ಕೆ ಹೋಗಿ, ಧ್ವನಿ ಆಫ್ ಮಾಡಿ. ಆಡುವವನು ನಡೆ ಇಡುವ ಮೊದಲು ತಡೆಯುತ್ತಾನಾ, ಇಟ್ಟ ನಡೆ ಹಿಂದೆ ತಗೊಳ್ಳುತ್ತಾನಾ ನೋಡಿ. ಎಲ್ಲೂ ತಡೆಯದೆ ಒತ್ತುತ್ತಾ ಹೋದರೆ ಆ ಗೇಮ್ ಬಿಟ್ಟುಬಿಡಿ, ಅನಿಮೆ ಎಷ್ಟೇ ಇಷ್ಟವಿರಲಿ.

ಹುಡುಗ ಈಗ ಏಳನೇ ಮ್ಯಾಪನ್ನು ಗ್ರಾಫ್ ಹಾಳೆಯಲ್ಲಿ ತಾನೇ ಬರೆಯುತ್ತಿದ್ದಾನೆ. ಹೋದ ವಾರ ಅವನನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಗೊರೂರು ಅಣೆಕಟ್ಟಿನ ಹಿನ್ನೀರು ಏರಿದಾಗ ಅಲ್ಲಿನ ಹಳೆ ಚರ್ಚ್ ಅರ್ಧ ಮುಳುಗುತ್ತದೆ, ಇಳಿದಾಗ ನೆಲ ಕಾಣುತ್ತದೆ. ಬಂದವನೇ ಸೇತುವೆ ಅಳಿಸಿ ಚರ್ಚಿನ ಗೋಡೆಗಳನ್ನು ಬರೆದ. ಪ್ರತಿ ಎರಡು ಸರದಿಗೆ ಒಂದು ಸಾಲು ಮನೆ ನೀರಿಗೆ ಹೋಗುತ್ತದಂತೆ. ಶತ್ರುಗಳನ್ನು ಹದಿನಾಲ್ಕರಿಂದ ಐದಕ್ಕೆ ಇಳಿಸಿದ್ದಾನೆ. ಹೀರೋ ಹುಮ್ಮಸ್ಸು ಸೊನ್ನೆ. ಗೆಳೆಯ ಪಕ್ಕದ ಮನೆಯಲ್ಲಿದ್ದರೆ ಮಾತ್ರ ಅದು ಏರುತ್ತದೆ. ಭಾನುವಾರ ಹುಣಸೆ ಬೀಜ ಇಟ್ಟು ಆಡಿ ನೋಡುತ್ತೇವೆ. ಐದು ಶತ್ರು ಜಾಸ್ತಿ ಆಯಿತು ಅಂತ ನನಗನ್ನಿಸುತ್ತದೆ. ಅವನು ಒಪ್ಪುತ್ತಿಲ್ಲ.